ಕಾಸರಗೋಡು ತಾಲೂಕಿನ ಹಳೆಯ ಪೊಲೀಸ್ ಲೆಕ್ಕವನ್ನು ಓದುವ ಬಗೆ

ಕಾಸರಗೋಡಿನ ಕಡೆಯಲ್ಲಿ ಊರಿನ ಇತಿಹಾಸ ಬರೆಯಲು ಹೊರಟವರು ದೇವಸ್ಥಾನದ ಶಾಸನವನ್ನು ನೋಡುತ್ತಾರೆ, ಗುತ್ತಿನ ಮನೆಯ ಕಡತವನ್ನು ಬಿಚ್ಚುತ್ತಾರೆ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ಹುಡುಕಿ ತರುತ್ತಾರೆ. ಆದರೆ ಊರಿನ ಠಾಣೆಯಲ್ಲಿ ಎಷ್ಟು ಜನ ಪೇದೆಗಳಿದ್ದರು, ಅವರಿಗೆ ಎಷ್ಟು ಸಂಬಳವಿತ್ತು, ಆ ಹಣ ಎಲ್ಲಿಂದ ಬರುತ್ತಿತ್ತು ಎಂಬ ಲೆಕ್ಕವನ್ನು ನೋಡುವವರು ತೀರಾ ಕಡಿಮೆ. ಬ್ರಿಟಿಷ್ ಆಡಳಿತ ನಮ್ಮ ಅಂಗಳದವರೆಗೆ ಹೇಗೆ ಬಂತು ಎಂಬುದನ್ನು ತಿಳಿಯಲು ಇದಕ್ಕಿಂತ ನೇರವಾದ ದಾಖಲೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಈ ಲೆಕ್ಕವನ್ನು ಹುಡುಕುವುದು, ಓದುವುದು ಮತ್ತು ತಪ್ಪಿಲ್ಲದೆ ಕೂಡಿಸುವುದು ಹೇಗೆ ಎಂಬುದನ್ನು, ಕೆಲವು ವರ್ಷಗಳಿಂದ ಇದೇ ಕೆಲಸದಲ್ಲಿ ತೊಡಗಿರುವವನಾಗಿ, ಇಲ್ಲಿ ವಿವರಿಸುತ್ತೇನೆ.

ಕೆಲಸಕ್ಕೆ ತೊಡಗುವ ಮೊದಲು ಒಂದು ದಪ್ಪ ನೋಟುಪುಸ್ತಕವನ್ನು ತೆಗೆದುಕೊಂಡು, ಪ್ರತಿ ವರ್ಷಕ್ಕೂ ಎದುರುಬದುರಾದ ಎರಡು ಪುಟಗಳನ್ನು ಮೀಸಲಿಡಿ. ಎಡಪುಟದ ಮೇಲೆ ‘ಸರ್ಕಾರ ಕೊಟ್ಟದ್ದು’ ಎಂದೂ ಬಲಪುಟದ ಮೇಲೆ ‘ಊರು ಕೊಟ್ಟದ್ದು’ ಎಂದೂ ಬರೆದುಕೊಳ್ಳಿ. ಸರ್ಕಾರದ ಮುದ್ರಿತ ವರದಿಗಳು ಎಡಪುಟವನ್ನು ಮಾತ್ರ ತುಂಬಿಸುತ್ತವೆ. ಆ ಪುಟವನ್ನಷ್ಟೇ ನೋಡಿದವರಿಗೆ, ಆಗ ನಮ್ಮ ತಾಲೂಕು ಸೇರಿದ್ದ ಮದ್ರಾಸ್ ಪ್ರಾಂತ್ಯದ ಪೊಲೀಸ್ ವ್ಯವಸ್ಥೆ ಬಹಳ ಅಗ್ಗವಾಗಿ ನಡೆಯುತ್ತಿತ್ತು ಎಂದು ತೋರುತ್ತದೆ. ಅದು ಅಗ್ಗವಾಗಿದ್ದದ್ದು ಖಜಾನೆಗೆ ಮಾತ್ರ.

ಎಲ್ಲೆಯನ್ನು ಗುರುತಿಸುವುದು

ಮೊದಲ ತಪ್ಪು ನಡೆಯುವುದು ಭೂಪಟದಲ್ಲಿ. ಈಗಿನ ಕಾಸರಗೋಡು ಜಿಲ್ಲೆ 1984ರಲ್ಲಿ ರಚನೆಯಾಯಿತು. ಇದರ ಬಹುಪಾಲು ಭೂಮಿ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದೇ ಒಂದು ತಾಲೂಕಾಗಿತ್ತು. ಉತ್ತರದ ಮಂಜೇಶ್ವರ, ಕುಂಬಳೆಗಳಿಂದ ಹಿಡಿದು ದಕ್ಷಿಣದ ಹೊಸದುರ್ಗ, ನೀಲೇಶ್ವರ, ಕಯ್ಯೂರುಗಳವರೆಗಿನ ಊರುಗಳೆಲ್ಲ ಆ ತಾಲೂಕಿನವು. ಹೊಸದುರ್ಗ ಬೇರೆ ತಾಲೂಕಾದದ್ದು 1957ರಲ್ಲಿ, ಮಂಜೇಶ್ವರ ಬೇರೆಯಾದದ್ದು ಅದಕ್ಕಿಂತ ಎಷ್ಟೋ ವರ್ಷಗಳ ನಂತರ. ಆದುದರಿಂದ ಹಳೆಯ ವರದಿಯ ‘ಕಾಸರಗೋಡು ತಾಲೂಕು’ ಎಂಬ ಸಾಲನ್ನು ಇಂದಿನ ತಾಲೂಕಿನ ಜನಸಂಖ್ಯೆಯೊಡನೆ ಹೋಲಿಸಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. 1862ಕ್ಕಿಂತ ಹಿಂದಿನ ಕಾಗದಗಳಲ್ಲಿ ಇದೇ ಸೀಮೆಗೆ ಬೇಕಲ ತಾಲೂಕು ಎಂಬ ಹೆಸರಿರುತ್ತದೆ. ಅಲ್ಲಿ ಕಾಸರಗೋಡನ್ನು ಹುಡುಕಿ ಸಿಗಲಿಲ್ಲವೆಂದು ಹಿಂದಿರುಗಬೇಡಿ.

ಜಿಲ್ಲೆಯ ಎಲ್ಲೆಯೂ ಹೀಗೆಯೇ ಸರಿದಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿ, ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರನಾದಾಗ, ‘ಕೆನರಾ’ ಎಂಬುದು ಇಂದಿನ ಉತ್ತರ ಕನ್ನಡವನ್ನೂ ಒಳಗೊಂಡ ಒಂದೇ ಜಿಲ್ಲೆಯಾಗಿತ್ತು. ಅದನ್ನು ಎರಡಾಗಿ ವಿಂಗಡಿಸಿದ ಮೇಲೆ ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಅದಕ್ಕಿಂತ ಹಿಂದಿನ ಒಂದು ಸಂಖ್ಯೆಯನ್ನೂ ಅನಂತರದ ಒಂದು ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ‘ಪೊಲೀಸ್ ಬಲ ಅರ್ಧಕ್ಕಿಳಿಯಿತು’ ಎಂದು ಬರೆದ ಲೇಖನವನ್ನು ನಾನು ಓದಿದ್ದೇನೆ. ಇಳಿದದ್ದು ಜಿಲ್ಲೆಯ ವಿಸ್ತಾರ, ಪೊಲೀಸ್ ಬಲವಲ್ಲ. ಅರಬ್ಬೀ ಸಮುದ್ರದ ಅಮಿನಿ, ಕಡಮತ, ಕಿಲ್ತಾನ, ಚೆತ್ಲಾತ್ ದ್ವೀಪಗಳೂ ಮಂಗಳೂರಿನ ಕಲೆಕ್ಟರನ ಆಡಳಿತದಲ್ಲೇ ಇದ್ದವು ಎಂಬುದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ಕಾಲವನ್ನು ಭಾಗ ಮಾಡುವುದು

ಲೆಕ್ಕವನ್ನು ವರ್ಷವಾರು ಬರೆಯುತ್ತ ಹೋಗುವಾಗ ನಡುನಡುವೆ ದಪ್ಪ ಗೆರೆ ಎಳೆಯಬೇಕಾದ ಕೆಲವು ವರ್ಷಗಳಿವೆ. ಗೆರೆಯ ಆಚೆಯ ‘ಪೊಲೀಸ್’ ಮತ್ತು ಈಚೆಯ ‘ಪೊಲೀಸ್’ ಒಂದೇ ವಸ್ತುವಲ್ಲ.

ಮೊದಲ ಗೆರೆ 1816ರದು. ಆ ವರ್ಷದ 11ನೇ ರೆಗ್ಯುಲೇಶನ್ ಪ್ರಕಾರ ಕಂದಾಯ ವಸೂಲು ಮಾಡುವ ಕಲೆಕ್ಟರನೇ ಜಿಲ್ಲೆಯ ಮ್ಯಾಜಿಸ್ಟ್ರೇಟನೂ ಪೊಲೀಸ್ ಮುಖ್ಯಸ್ಥನೂ ಆದನು. ತಾಲೂಕಿನಲ್ಲಿ ತಹಶೀಲ್ದಾರನಿಗೆ ಅದೇ ಅಧಿಕಾರ, ಗ್ರಾಮದಲ್ಲಿ ಪಟೇಲನಿಗೆ. ಕಚೇರಿಯ ಪೇದೆ ಬೆಳಿಗ್ಗೆ ತೀರ್ವೆಯ (ಭೂಕಂದಾಯದ) ವಸೂಲಿಗೂ ಮಧ್ಯಾಹ್ನ ಕಳ್ಳನನ್ನು ಹಿಡಿಯುವುದಕ್ಕೂ ಹೋಗುತ್ತಿದ್ದ ಕಾಲ ಅದು. ಆ ಅವಧಿಯ ಕಾಗದದಲ್ಲಿ ‘ಪೊಲೀಸ್ ವೆಚ್ಚ’ ಎಂದು ಒಂದು ಮೊತ್ತ ಕಂಡರೆ ಅದನ್ನು ಪ್ರತ್ಯೇಕ ಪೊಲೀಸ್ ಇಲಾಖೆಯ ವೆಚ್ಚವೆಂದು ತಿಳಿಯಬಾರದು. ಒಬ್ಬನೇ ಮನುಷ್ಯನ ಸಂಬಳವನ್ನು ಗುಮಾಸ್ತ ತನಗೆ ಸರಿಕಂಡಂತೆ ಎರಡು ಬಾಬುಗಳಿಗೆ, ಅಂದರೆ ಖರ್ಚಿನ ಶೀರ್ಷಿಕೆಗಳಿಗೆ, ಹಂಚಿರಬಹುದು.

ಕಂದಾಯ ಮತ್ತು ಪೊಲೀಸ್ ಎಂಬ ಈ ಎರಡು ಅಧಿಕಾರಗಳು ಒಂದೇ ಕೈಯಲ್ಲಿದ್ದುದರ ಫಲ ಏನಾಯಿತೆಂಬುದನ್ನು 1854ರಲ್ಲಿ ನೇಮಕಗೊಂಡು 1855ರಲ್ಲಿ ವರದಿ ಕೊಟ್ಟ ಮದ್ರಾಸಿನ ಚಿತ್ರಹಿಂಸಾ ಆಯೋಗ ವಿವರಿಸಿದೆ. ಕಂದಾಯ ಬಾಕಿ ವಸೂಲಿಗೂ ತಪ್ಪೊಪ್ಪಿಗೆ ಪಡೆಯುವುದಕ್ಕೂ ಅದೇ ಕೆಳಹಂತದ ನೌಕರರು ರೈತರನ್ನು ಹಿಂಸಿಸುತ್ತಿದ್ದರು ಎಂಬುದು ಅದರ ಸಾರ. ಅದರ ಹಿಂದೆಯೇ 1859ರ 24ನೇ ಕಾಯ್ದೆ ಬಂದು, ಕಂದಾಯದಿಂದ ಬೇರ್ಪಟ್ಟ, ಇನ್ಸ್‌ಪೆಕ್ಟರ್ ಜನರಲ್‌ನ ಕೈಕೆಳಗಿನ ಪ್ರಾಂತೀಯ ಪೊಲೀಸ್ ಪಡೆ ಮದ್ರಾಸಿನಲ್ಲಿ ಹುಟ್ಟಿತು. ವಿಲಿಯಂ ರಾಬಿನ್ಸನ್ ಅದರ ಮೊದಲ ಮುಖ್ಯಸ್ಥ. ಭಾರತದ ಉಳಿದ ಭಾಗಗಳಿಗೆ 1861ರ 5ನೇ ಕಾಯ್ದೆ ಬಂದದ್ದು ಇದರ ಅನಂತರ. ಕಾಸರಗೋಡಿನ ವಿಷಯ ಬರೆಯುವವರು 1861ರ ಕಾಯ್ದೆಯನ್ನೇ ಆಧಾರವಾಗಿ ಹೇಳುವುದು ಸಾಮಾನ್ಯವಾಗಿ ಕಾಣುವ ತಪ್ಪು. ನಮ್ಮದು ಮದ್ರಾಸ್ ಪ್ರಾಂತ್ಯ, ನಮಗೆ ಅನ್ವಯಿಸಿದ್ದು 1859ರ ಕಾಯ್ದೆ.

ಮುಂದಿನ ದೊಡ್ಡ ಗೆರೆ 1905ರದು. 1902–03ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗ, ಪೇದೆಗಳ ಕನಿಷ್ಠ ಸಂಬಳ ತಿಂಗಳಿಗೆ 8 ರೂಪಾಯಿಗಿಂತ ಕಡಿಮೆ ಇರಬಾರದೆಂದೂ ಠಾಣೆಯ ಹೊಣೆಯನ್ನು ಸಬ್ ಇನ್ಸ್‌ಪೆಕ್ಟರ್ ಹೊರಬೇಕೆಂದೂ ಶಿಫಾರಸು ಮಾಡಿತು. ಅದರ ಮೇಲೆ ಸರ್ಕಾರದ ನಿರ್ಣಯ 1905ರಲ್ಲಿ ಹೊರಬಿತ್ತು. ಅಲ್ಲಿಯವರೆಗೆ ಮದ್ರಾಸಿನ ಠಾಣೆಗಳನ್ನು ಸಾಮಾನ್ಯವಾಗಿ ಹೆಡ್ ಕಾನ್‌ಸ್ಟೇಬಲ್‌ಗಳೇ ನಡೆಸುತ್ತಿದ್ದರು. ಅನಂತರದ ವರ್ಷಗಳಲ್ಲಿ ಅಧಿಕಾರಿಗಳ ಸಂಖ್ಯೆ ಮತ್ತು ವೆಚ್ಚ ಎರಡೂ ಜಿಗಿಯುವುದನ್ನು ಕಂಡು ಜಿಲ್ಲೆಯಲ್ಲಿ ಏನೋ ಗಲಭೆಯಾಗಿರಬೇಕೆಂದು ಊಹಿಸಬಾರದು. 1921 ಮತ್ತು 1937 ರಾಜಕೀಯ ಗೆರೆಗಳು: ಮೊದಲನೆಯದರಿಂದ ಪೊಲೀಸ್ ಇಲಾಖೆ ಮಂತ್ರಿಗಳ ಕೈಗೆ ಕೊಡದೆ ಗವರ್ನರನ ಕಾರ್ಯಾಂಗ ಮಂಡಳಿಗೆ ಕಾಯ್ದಿರಿಸಿದ ವಿಷಯವಾಯಿತು, ಎರಡನೆಯದರಿಂದ ಚುನಾಯಿತ ಮಂತ್ರಿಮಂಡಲದ ಕೈಗೆ ಬಂತು.

ಕಾಗದಗಳು ಎಲ್ಲಿ ಸಿಗುತ್ತವೆ

ಮದ್ರಾಸ್ ಪ್ರಾಂತ್ಯದ ಮೂಲ ಕಡತಗಳು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. 19ನೇ ಶತಮಾನದ ಪೊಲೀಸ್ ವಿಷಯಗಳನ್ನು ನ್ಯಾಯ ಇಲಾಖೆಯ ನಡವಳಿಗಳಲ್ಲಿಯೂ 20ನೇ ಶತಮಾನದ ವಿಷಯಗಳನ್ನು ಗೃಹ ಇಲಾಖೆಯ ಆದೇಶಗಳಲ್ಲಿಯೂ ಹುಡುಕಬೇಕು. ಮನೆಯಲ್ಲೇ ಕುಳಿತು ಆರಂಭಿಸಬೇಕೆಂದಿದ್ದರೆ, ಮದ್ರಾಸ್ ಪೊಲೀಸ್ ಇಲಾಖೆಯ ಮುದ್ರಿತ ವಾರ್ಷಿಕ ವರದಿಗಳು ಮತ್ತು 1894, 1895ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಅಂತರ್ಜಾಲದಲ್ಲಿ ಸಿಗುತ್ತವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಎಂಬ ಜಾಲತಾಣದಲ್ಲಿ ಪ್ರಾಂತೀಯ ಸರ್ಕಾರಗಳು ಹದಿನೈದು ದಿನಕ್ಕೊಮ್ಮೆ ಕಳುಹಿಸುತ್ತಿದ್ದ ರಹಸ್ಯ ವರದಿಗಳಿವೆ. ಹುಡುಕುವಾಗ ಇಂದಿನ ಹೆಸರನ್ನು ಮಾತ್ರ ಹಾಕಬೇಡಿ. ಆಗಿನ ಇಂಗ್ಲಿಷ್ ಗುಮಾಸ್ತರು ತಮ್ಮ ಕಿವಿಗೆ ಬಿದ್ದಂತೆ ‘ಕ್ಯಾಸರ್‌ಗೋಡ್’, ‘ಹೊಸ್‌ದ್ರೂಗ್’, ‘ಕೂಂಬ್ಲಾ’ ಎಂದೆಲ್ಲ ಬರೆದಿದ್ದಾರೆ, ಆದುದರಿಂದ ಒಂದೊಂದು ಊರಿಗೂ ನಾಲ್ಕೈದು ಕಾಗುಣಿತಗಳನ್ನು ಪಟ್ಟಿ ಮಾಡಿಟ್ಟುಕೊಂಡೇ ಹೋಗಬೇಕು.

ಬಲದ ಪಟ್ಟಿಯನ್ನು ಓದುವುದು

ವಾರ್ಷಿಕ ವರದಿಯ ಕೊನೆಯಲ್ಲಿ ಮಡಚಿ ಹೊಲಿದ ಅಗಲವಾದ ಪಟ್ಟಿಗಳಿರುತ್ತವೆ. ಅದರಲ್ಲಿ ಜಿಲ್ಲೆಗೊಂದು ಸಾಲು. ಸಾಲಿನಲ್ಲಿ ಸೂಪರಿಂಟೆಂಡೆಂಟ್, ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್, ಕಾನ್‌ಸ್ಟೇಬಲ್ ಎಂದು ದರ್ಜೆಗೊಂದು ಅಂಕಣ. ಅಂಕಣದ ತಲೆಬರಹವನ್ನು ಪೂರ್ತಿ ಓದದೆ ಸಂಖ್ಯೆಯನ್ನು ಬರೆದುಕೊಳ್ಳಬಾರದು, ಏಕೆಂದರೆ ‘ಮಂಜೂರಾದ ಬಲ’ ಮತ್ತು ‘ವಾಸ್ತವ ಬಲ’ ಎಂಬ ಎರಡು ಬೇರೆ ಬೇರೆ ಸಂಖ್ಯೆಗಳು ಅಕ್ಕಪಕ್ಕದಲ್ಲಿರುತ್ತವೆ. ಮೊದಲನೆಯದು ಸರ್ಕಾರ ಒಪ್ಪಿದ ಹುದ್ದೆಗಳು. ಎರಡನೆಯದು ವರದಿಯ ದಿನ ಕೆಲಸದಲ್ಲಿದ್ದವರು. ಇವೆರಡರ ನಡುವಿನ ಅಂತರವೇ ಖಾಲಿ ಹುದ್ದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಅತ್ಯಂತ ಹೆಚ್ಚು ಮಾತಾಡುವ ಅಂಕೆ ಅದೇ. ಸಂಬಳ ಹೊಟ್ಟೆಗೆ ಸಾಲದ ವರ್ಷಗಳಲ್ಲಿ ಜನ ಸೇರುವುದಿಲ್ಲ, ಸೇರಿದವರು ರಾಜೀನಾಮೆ ಕೊಟ್ಟು ಹೋಗುತ್ತಾರೆ. ಪಕ್ಕದ ಪಟ್ಟಿಯಲ್ಲಿ ರಾಜೀನಾಮೆ, ವಜಾ, ಓಡಿಹೋದವರು, ಮರಣ ಎಂದು ಪ್ರತ್ಯೇಕ ಅಂಕಣಗಳಿದ್ದರೆ ಅವನ್ನೂ ಬರೆದುಕೊಳ್ಳಿ. ಓದುಬರಹ ಬಲ್ಲವರು ಎಷ್ಟು ಮಂದಿ, ಯಾವ ಮತದವರು ಎಷ್ಟು ಮಂದಿ ಎಂಬ ಅಂಕಣಗಳೂ ಹಲವು ವರ್ಷಗಳ ವರದಿಗಳಲ್ಲಿವೆ.

ಅನಂತರ ಕೇಳಬೇಕಾದ ಪ್ರಶ್ನೆ, ಇವರಲ್ಲಿ ಠಾಣೆಯಲ್ಲಿದ್ದವರು ಎಷ್ಟು ಎಂಬುದು. ಜಿಲ್ಲೆಯ ಒಟ್ಟು ಬಲದಲ್ಲಿ ಒಂದು ಭಾಗ ಮಂಗಳೂರಿನ ಮೀಸಲು ಪಡೆಯಲ್ಲಿರುತ್ತದೆ. ಇನ್ನೊಂದು ಭಾಗ ಖಜಾನೆ ಮತ್ತು ಸಬ್‌ಜೈಲುಗಳ ಪಹರೆಗೆ, ಮತ್ತೊಂದು ಭಾಗ ಕೈದಿಗಳನ್ನೂ ಸರ್ಕಾರದ ಹಣವನ್ನೂ ಊರಿಂದೂರಿಗೆ ಒಯ್ಯುವ ಬೆಂಗಾವಲಿಗೆ ಹೋಗುತ್ತದೆ. 1907ರ ಹೊತ್ತಿಗೆ ರೈಲು ಮಂಗಳೂರನ್ನು ಮುಟ್ಟುವವರೆಗೆ, ಕಾಸರಗೋಡಿನಿಂದ ಒಬ್ಬ ಕೈದಿಯನ್ನು ಮಂಗಳೂರಿನ ನ್ಯಾಯಾಲಯಕ್ಕೆ ಕರೆದೊಯ್ಯುವುದೆಂದರೆ ಮೊಗ್ರಾಲು, ಶಿರಿಯ, ಉಪ್ಪಳ, ನೇತ್ರಾವತಿ ಹೊಳೆಗಳನ್ನು ದೋಣಿಯಲ್ಲಿ ದಾಟುವ ಪ್ರಯಾಣ. ಹೊಸದುರ್ಗದಿಂದ ಹೊರಟರೆ ಚಂದ್ರಗಿರಿಯೂ ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಆ ಹೊಳೆಗಳು ಹೇಗಿರುತ್ತವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಬ್ಬರು ಪೇದೆಗಳು ಬೆಂಗಾವಲಿಗೆ ಹೋದರೆ ಸಣ್ಣ ಠಾಣೆ ಅಷ್ಟು ದಿನ ಬರಿದಾಗುತ್ತದೆ ಎಂಬುದನ್ನು ಪಟ್ಟಿ ತೋರಿಸುವುದಿಲ್ಲ; ಓದುವವರು ಕಾಣಬೇಕು.

ತಾಲೂಕಿನ ಪಾಲನ್ನು ಅಂದಾಜು ಮಾಡುವಾಗಲೂ ಇದೇ ಎಚ್ಚರ ಬೇಕು. ಠಾಣಾವಾರು ಪಟ್ಟಿ ಸಿಗದ ವರ್ಷಗಳಲ್ಲಿ ಜಿಲ್ಲೆಯ ಮೊತ್ತವನ್ನು ತಾಲೂಕಿಗೆ ಹಂಚುವ ರೂಢಿಯಿದೆ. 1901ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಜನಸಂಖ್ಯೆ 11,34,713, ವಿಸ್ತೀರ್ಣ 4,021 ಚದರ ಮೈಲಿ. ಕಾಸರಗೋಡು ತಾಲೂಕಿನದು 2,31,280 ಜನ, 762 ಚದರ ಮೈಲಿ. ಜನಸಂಖ್ಯೆಯ ಪ್ರಕಾರ ಹಂಚಿದರೆ ತಾಲೂಕಿನ ಪಾಲು ನೂರಕ್ಕೆ 20.4, ವಿಸ್ತೀರ್ಣದ ಪ್ರಕಾರ ಹಂಚಿದರೆ ನೂರಕ್ಕೆ 19. ಎರಡೂ ಹತ್ತಿರವಿರುವುದರಿಂದ ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಮಂಗಳೂರಿನ ಮೀಸಲು ಪಡೆಯನ್ನೂ ಕಚೇರಿಯನ್ನೂ ಮೊದಲು ಕಳೆಯದೆ ಹಂಚಿದರೆ ನಮ್ಮ ತಾಲೂಕಿನ ಪಾಲಿಗೆ ಇಲ್ಲದ ಪೇದೆಗಳು ಬಂದು ಸೇರುತ್ತಾರೆ. ಕಳೆದು, ಉಳಿದದ್ದನ್ನು ಹಂಚಿ, ಅದರ ಪಕ್ಕದಲ್ಲಿ ‘ಅಂದಾಜು’ ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ.

ಇನ್ನೊಂದು ಮಾತು. ಕರಾವಳಿಯ ಉಪ್ಪು ಮತ್ತು ಅಬಕಾರಿ ಇಲಾಖೆಗೆ ತನ್ನದೇ ಪೇದೆಗಳಿದ್ದರು, ಅರಣ್ಯ ಇಲಾಖೆಗೆ ತನ್ನದೇ ಗಾರ್ಡುಗಳಿದ್ದರು. ಅವರೂ ದಂಡ ಹಿಡಿದು ತಿರುಗುವವರೇ ಆದರೂ ಅವರ ಸಂಬಳ ಪೊಲೀಸ್ ಬಾಬಿನಲ್ಲಿಲ್ಲ. ಮೊದಲ ವರ್ಷ ನಾನು ಇವರನ್ನೆಲ್ಲ ಒಂದೇ ಮೊತ್ತದಲ್ಲಿ ಕೂಡಿಸಿ, ಆರು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ರೂಪಾಯಿ, ಆಣೆ, ಪೈ

ಹಣದ ಅಂಕಣಗಳಲ್ಲಿ 7-10-8 ಎಂದು ಬರೆದಿದ್ದರೆ ಅದು 7 ರೂಪಾಯಿ 10 ಆಣೆ 8 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಆದುದರಿಂದ ರೂಪಾಯಿಗೆ 192 ಪೈ. ಇದನ್ನು ಕಂಪ್ಯೂಟರಿನ ಲೆಕ್ಕದ ಹಾಳೆಗೆ ಹಾಕುವಾಗ ನೇರವಾಗಿ 7.108 ಎಂದೋ 7.10 ಎಂದೋ ಟೈಪ್ ಮಾಡುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ಆಣೆಯನ್ನು 12ರಿಂದ ಗುಣಿಸಿ ಪೈ ಕೂಡಿಸಿದರೆ 128. ಅದನ್ನು 192ರಿಂದ ಭಾಗಿಸಿದರೆ ಒಂದು ರೂಪಾಯಿಯ ಮೂರನೆಯ ಎರಡು ಪಾಲು. ಅಂದರೆ ತಿಂಗಳಿಗೆ 7-10-8 ಪಡೆಯುವವನಿಗೆ ವರ್ಷಕ್ಕೆ ಸರಿಯಾಗಿ 92 ರೂಪಾಯಿ. ಲೆಕ್ಕದ ಹಾಳೆಯಲ್ಲಿ ರೂಪಾಯಿ, ಆಣೆ, ಪೈಗಳಿಗೆ ಮೂರು ಬೇರೆ ಅಂಕಣಗಳನ್ನಿಟ್ಟು, ನಾಲ್ಕನೆಯದರಲ್ಲಿ ದಶಮಾಂಶಕ್ಕೆ ಪರಿವರ್ತಿಸುವುದು ಸುರಕ್ಷಿತ ಕ್ರಮ.

ವರ್ಷದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಜಾಗ್ರತೆ ಬೇಕು. ಪೊಲೀಸ್ ವರದಿಯ ಅಪರಾಧದ ಅಂಕೆಗಳು ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದವು. ಆಯವ್ಯಯದ ಮೊತ್ತಗಳು, 1867ರಿಂದ ಈಚೆಗೆ, ಏಪ್ರಿಲಿನಿಂದ ಮಾರ್ಚ್‌ವರೆಗಿನ ವರ್ಷದವು. ತಾಲೂಕು ಕಚೇರಿಯ ಕಂದಾಯದ ಕಾಗದಗಳು ಜುಲೈ ಒಂದರಂದು ಆರಂಭವಾಗುವ ಫಸಲಿ ವರ್ಷದವು. ಮದ್ರಾಸ್ ಸೀಮೆಯ ಫಸಲಿಗೆ 590 ಕೂಡಿಸಿದರೆ ಅದು ಆರಂಭವಾಗುವ ಕ್ರಿಸ್ತಶಕ ಸಿಗುತ್ತದೆ: 1310ನೇ ಫಸಲಿ ಎಂದರೆ 1900ರ ಜುಲೈನಿಂದ 1901ರ ಜೂನ್‌ವರೆಗೆ. ಮೂರನ್ನೂ ಒಂದೇ ಸಾಲಿನಲ್ಲಿ ‘1900’ ಎಂದು ಬರೆದರೆ, ಬರಗಾಲದ ಅಥವಾ ಗಲಭೆಯ ವರ್ಷದಲ್ಲಿ ಕಾರಣವೂ ಪರಿಣಾಮವೂ ತಲೆಕೆಳಗಾಗಿ ಕಾಣುತ್ತವೆ.

ವೆಚ್ಚದ ಬಾಬುಗಳನ್ನು ಸಂಬಳ, ಬತ್ತೆ (ಪ್ರಯಾಣ ಮುಂತಾದವುಗಳ ಭತ್ಯೆ), ಉಡುಪು, ಕಟ್ಟಡ ಬಾಡಿಗೆ, ಸಾದಿಲ್ವಾರು (ಇತರ ಚಿಲ್ಲರೆ ಖರ್ಚು) ಎಂದು ವಿಂಗಡಿಸಿ ಬರೆದುಕೊಳ್ಳಿ. ಸಂಬಳದ ಬಾಬು ಎಲ್ಲಕ್ಕಿಂತ ದೊಡ್ಡದು. ಆದರೆ ಅದರ ಒಳಗೆ ಸೂಪರಿಂಟೆಂಡೆಂಟನ ಪಾಲು ಎಷ್ಟು, ಪೇದೆಗಳೆಲ್ಲರ ಪಾಲು ಎಷ್ಟು ಎಂದು ಬಿಡಿಸಿ ನೋಡುವುದೇ ಮುಖ್ಯ ಕೆಲಸ. ಒಬ್ಬ ಐರೋಪ್ಯ ಅಧಿಕಾರಿಯ ಸಂಬಳದಲ್ಲಿ ಎಷ್ಟು ಮಂದಿ ಪೇದೆಗಳನ್ನು ಇಟ್ಟುಕೊಳ್ಳಬಹುದಿತ್ತು ಎಂಬ ಭಾಗಾಕಾರವನ್ನು ಪ್ರತಿ ಹತ್ತು ವರ್ಷಕ್ಕೊಮ್ಮೆ ಮಾಡಿ ಬರೆದಿಡಿ. ಉಡುಪಿನ ಬಾಬಿನಲ್ಲಿ, ಖರ್ಚು ಸರ್ಕಾರದ್ದೋ ಅಥವಾ ಪೇದೆಯ ಸಂಬಳದಿಂದಲೇ ಕಡಿತವೋ ಎಂಬುದನ್ನು ನೋಡಬೇಕು. ಕಡಿತವಾಗಿದ್ದರೆ ಕಾಗದದ ಮೇಲಿನ ಸಂಬಳ ಅವನ ಕೈಸೇರಿದ ಸಂಬಳವಲ್ಲ.

ಕೈಸೇರಿದ ಸಂಬಳದ ಬೆಲೆ ತಿಳಿಯಬೇಕಾದರೆ ಅದನ್ನು ಅಕ್ಕಿಯಾಗಿ ಪರಿವರ್ತಿಸಿ. ಸರ್ಕಾರದ ಗೆಜೆಟ್‌ಗಳಲ್ಲಿ ರೂಪಾಯಿಗೆ ಎಷ್ಟು ಸೇರು ಅಕ್ಕಿ ಎಂಬ ಧಾರಣೆ ಜಿಲ್ಲಾವಾರು ಅಚ್ಚಾಗಿರುತ್ತದೆ. ಧಾರಣೆಯ ಅಂಕೆಯನ್ನು ಸಂಬಳದಿಂದ ಗುಣಿಸಿದರೆ ತಿಂಗಳ ಸಂಬಳಕ್ಕೆ ಸಿಗುತ್ತಿದ್ದ ಅಕ್ಕಿಯ ಪ್ರಮಾಣ ಬರುತ್ತದೆ. ಐದು ಜನರ ಸಂಸಾರಕ್ಕೆ ಅದು ಎಷ್ಟು ದಿನ ಸಾಲುತ್ತಿತ್ತೆಂದು ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ಅವರು ಕಾಗದವಿಲ್ಲದೆಯೇ ಹೇಳುತ್ತಾರೆ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಕ್ಕಿಯ ಬೆಲೆ ಏರಿದಾಗ ಈ ಗುಣಾಕಾರದ ಫಲ ಎಲ್ಲಿಗಿಳಿಯುತ್ತದೆ ಎಂಬುದನ್ನು ಖಾಲಿ ಹುದ್ದೆಯ ಅಂಕಣದ ಪಕ್ಕದಲ್ಲಿಟ್ಟು ನೋಡಿ.

ಬಲಪುಟವನ್ನು ತುಂಬುವುದು

ಇಲ್ಲಿಯವರೆಗೆ ಬರೆದದ್ದೆಲ್ಲ ಎಡಪುಟದ ಕೆಲಸ. ಬಲಪುಟಕ್ಕೆ ಮುದ್ರಿತ ಪಟ್ಟಿಯಿಲ್ಲ, ಆದುದರಿಂದ ಅದನ್ನು ತುಂಬಲು ಹೆಚ್ಚು ತಾಳ್ಮೆ ಬೇಕು.

ಮೊದಲು ಬರುವುದು ಪಟೇಲ ಮತ್ತು ಅವನ ಕೈಕೆಳಗಿನ ಗ್ರಾಮನೌಕರನಾದ ಉಗ್ರಾಣಿಯ ಕೆಲಸ. ಗ್ರಾಮದಲ್ಲಿ ಕಳವಾದರೆ, ಹೆಣ ಸಿಕ್ಕಿದರೆ, ಅಪರಿಚಿತರು ಬಂದರೆ ಠಾಣೆಗೆ ಸುದ್ದಿ ಮುಟ್ಟಿಸುತ್ತಿದ್ದವರು ಇವರು. ಅಧಿಕಾರಿ ಬಂದಾಗ ದಾರಿ ತೋರಿಸುತ್ತಿದ್ದವರು, ಸಾಕ್ಷಿಗಳನ್ನು ಕರೆತರುತ್ತಿದ್ದವರು, ಹೆಣದ ಪಕ್ಕ ರಾತ್ರಿ ಕಾಯುತ್ತಿದ್ದವರೂ ಇವರೇ. ಅಡೂರು, ಬಂದಡ್ಕದಂಥ ಘಟ್ಟದ ಬುಡದ ಊರುಗಳಿಗೆ ಠಾಣೆ ಒಂದು ದಿನದ ನಡಿಗೆಯಾಗಿದ್ದಾಗ ಊರಿನ ನಿಜವಾದ ಪೊಲೀಸ್ ಉಗ್ರಾಣಿಯೇ. ಆದರೂ ಅವನ ಸಂಭಾವನೆ ಪೊಲೀಸ್ ಬಾಬಿನಲ್ಲಿ ಕಾಣುವುದಿಲ್ಲ, ಗ್ರಾಮನೌಕರರ ಲೆಕ್ಕ ಕಂದಾಯ ಇಲಾಖೆಯದು. 1864ರ 4ನೇ ಮದ್ರಾಸ್ ಕಾಯ್ದೆಯ ಪ್ರಕಾರ ಗ್ರಾಮಸೇವೆಯ ವೆಚ್ಚಕ್ಕಾಗಿ ತೀರ್ವೆಯ ಜೊತೆಗೆ ಸೆಸ್ ವಸೂಲು ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ತಾಲೂಕಿನ ಜಮಾಬಂದಿ (ವಾರ್ಷಿಕ ಕಂದಾಯ ಲೆಕ್ಕದ) ಕಾಗದಗಳಲ್ಲಿ ಅಂಥ ಸೆಸ್ ಕಂಡರೆ ಅದನ್ನು ಬಲಪುಟಕ್ಕೆ ಬರೆದು, ಅದರಲ್ಲಿ ಪೊಲೀಸ್ ಕೆಲಸದ ಪಾಲು ಎಷ್ಟೆಂಬುದು ನಿಮ್ಮ ತೀರ್ಮಾನವೆಂದು ಸ್ಪಷ್ಟವಾಗಿ ಹೇಳಬೇಕು.

ಎರಡನೆಯದು ದಂಡದ ಪೊಲೀಸ್. ಒಂದು ಪ್ರದೇಶ ‘ಅಶಾಂತ’ವಾಗಿದೆ ಎಂದು ಸರ್ಕಾರ ಘೋಷಿಸಿ, ಅಲ್ಲಿ ಹೆಚ್ಚುವರಿ ಪೊಲೀಸರನ್ನು ಇರಿಸಿ, ಅವರ ವೆಚ್ಚವನ್ನು ಆ ಪ್ರದೇಶದ ನಿವಾಸಿಗಳಿಂದಲೇ ವಸೂಲು ಮಾಡುವ ವ್ಯವಸ್ಥೆ ವಸಾಹತು ಕಾಲದ ಪೊಲೀಸ್ ಕಾಯ್ದೆಗಳಲ್ಲೇ ಇತ್ತು. ತನ್ನನ್ನು ಕಾಯಲೆಂದಲ್ಲ, ತನ್ನನ್ನು ಹದ್ದುಬಸ್ತಿನಲ್ಲಿಡಲೆಂದು ಬಂದ ಪೇದೆಯ ಸಂಬಳವನ್ನು ರೈತ ತಾನೇ ತೆರಬೇಕಾಗಿತ್ತು. ಇಂಥ ಆದೇಶಗಳು ಗೆಜೆಟ್‌ನಲ್ಲಿ ಗ್ರಾಮಗಳ ಹೆಸರಿನೊಂದಿಗೆ ಪ್ರಕಟವಾಗುತ್ತವೆ. ಯಾರಿಗೆ ವಿನಾಯಿತಿ ಕೊಡಲಾಗಿದೆ ಎಂಬ ಸಾಲನ್ನು ಬಿಡದೆ ಓದಬೇಕು. ವೆಚ್ಚ ಯಾರ ಮೇಲೆ ಬಿತ್ತು ಎಂಬುದಕ್ಕಿಂತ ಯಾರ ಮೇಲೆ ಬೀಳಲಿಲ್ಲ ಎಂಬುದರಿಂದ ಆ ಕಾಲದ ಸರ್ಕಾರದ ಸ್ನೇಹಿತರು ಯಾರೆಂದು ತಿಳಿಯುತ್ತದೆ.

ಮೂರನೆಯದು ಯಾವ ಕಾಗದದಲ್ಲೂ ಮೊತ್ತವಾಗಿ ಕಾಣದ ಖರ್ಚು: ಸವಾರಿ ಬಂದ ಅಧಿಕಾರಿಗೂ ಪೇದೆಗಳಿಗೂ ಊಟ, ಎಳನೀರು, ದೋಣಿ, ಗಾಡಿ, ಹೊರೆಯಾಳು. ಸಂಬಳ ಕಡಿಮೆ, ಪ್ರಯಾಣ ಹೆಚ್ಚು, ಬತ್ತೆ ತಡವಾಗಿ ಬರುವ ವ್ಯವಸ್ಥೆಯಲ್ಲಿ ಪೇದೆ ಊರಿನವರ ಜಗಲಿಯಲ್ಲಿ ಉಣ್ಣದೆ ಬದುಕುವಂತಿರಲಿಲ್ಲ. ಇದನ್ನು ಪೇದೆಯ ದುರಾಸೆ ಎಂದಷ್ಟೇ ಬರೆಯುವುದು ನನಗೆ ನ್ಯಾಯವೆಂದು ಕಾಣುವುದಿಲ್ಲ. ಮೊತ್ತ ಸಿಗದಿದ್ದರೂ ಸಿಕ್ಕಿದ ಪ್ರತಿಯೊಂದು ಉಲ್ಲೇಖವನ್ನು ವರ್ಷ ಮತ್ತು ಊರಿನ ಹೆಸರಿನೊಂದಿಗೆ ಬಲಪುಟದಲ್ಲಿ ದಾಖಲಿಸಬೇಕು.

ಎರಡು ಪುಟಗಳನ್ನೂ ಒಟ್ಟಿಗಿಟ್ಟು ಅಭ್ಯಾಸ ಮಾಡಲು ನಮ್ಮ ತಾಲೂಕಿನಲ್ಲಿ 1941ಕ್ಕಿಂತ ತಕ್ಕ ವರ್ಷವಿಲ್ಲ. ಆ ವರ್ಷದ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿಬಿದ್ದ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡನು. ಆ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಇದರ ರಾಜಕೀಯ ಕಥೆ ಕನ್ನಡ, ಮಲಯಾಳ ಎರಡೂ ಭಾಷೆಗಳಲ್ಲಿ ಸಾಕಷ್ಟು ಬಂದಿದೆ, ಲೆಕ್ಕದ ಕಥೆಯನ್ನು ಬರೆಯುವ ಕೆಲಸ ಉಳಿದಿದೆ. 1941ರ ಆರಂಭದ ಠಾಣಾವಾರು ಬಲವನ್ನು ಮೊದಲು ಬರೆದುಕೊಳ್ಳಿ. ಅನಂತರ ಏಪ್ರಿಲಿನಿಂದಾಚೆಗೆ ‘ಹೆಚ್ಚುವರಿ’, ‘ತಾತ್ಕಾಲಿಕ’ ಎಂಬ ಪದಗಳಿರುವ ಪ್ರತಿಯೊಂದು ಗೃಹ ಇಲಾಖಾ ಆದೇಶವನ್ನು ತೆಗೆಸಿ ನೋಡಿ. ಹೊರಗಿನಿಂದ ಪಡೆ ಬಂದಿದ್ದರೆ, ಅದರ ಸಂಬಳ ದಕ್ಷಿಣ ಕನ್ನಡದ ಸಾಲಿನಲ್ಲಿರುವುದಿಲ್ಲ ಎಂಬುದನ್ನು ಮರೆಯಬೇಡಿ. ಉದಾಹರಣೆಗೆ, 1921ರ ಮಲಬಾರ್ ಬಂಡಾಯದ ಹೊತ್ತಿನಲ್ಲಿ ಕಟ್ಟಿದ, ಮಲಪ್ಪುರದಲ್ಲಿ ನೆಲೆಯಿದ್ದ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆಗೆ ತನ್ನದೇ ಬೇರೆ ಲೆಕ್ಕವಿತ್ತು. ಸತ್ತ ಪೇದೆಯ ಸಂಸಾರಕ್ಕೆ ಪರಿಹಾರವಾಗಿ ಏನಾದರೂ ಸಂದಿತೇ ಎಂಬುದನ್ನೂ ಹುಡುಕಬೇಕು, ಏಕೆಂದರೆ ಅವನೂ ಅದೇ ಕಡಿಮೆ ಸಂಬಳದ ಪಟ್ಟಿಯ ಒಂದು ಅಂಕೆಯಾಗಿದ್ದವನು.

ಮನೆಗಳಲ್ಲಿ ಉಳಿದಿರುವ ಕಾಗದ

ಬಲಪುಟದ ಬಹುಪಾಲು ತುಂಬುವುದು ಹಳೆಯ ಪಟೇಲರ ಮನೆಗಳ ಅಟ್ಟದಲ್ಲಿ. ಕುಂಬಳೆ ಸೀಮೆಯ ಒಂದು ಮನೆಯಲ್ಲಿ ನಾನು ನೋಡಿದ ಕಟ್ಟು ಅಡಿಕೆ ಹಾಳೆಯಲ್ಲಿ ಸುತ್ತಿ, ಹೊಗೆಗೆ ಕಪ್ಪಾದ ತೆಂಗಿನ ಹಗ್ಗದಲ್ಲಿ ಬಿಗಿದದ್ದಾಗಿತ್ತು. ಒಳಗಿದ್ದದ್ದು ಅಂಗೈಯಷ್ಟು ಚೀಟಿಗಳು, ಹೆಚ್ಚಿನವು ಠಾಣೆಯಿಂದ ಪಟೇಲರಿಗೆ ಬಂದ ಕನ್ನಡದ ಹುಕುಂ: ಇಂಥ ದಿನ ಇಂಥವರನ್ನು ಹಾಜರುಪಡಿಸತಕ್ಕದ್ದು, ಇಷ್ಟು ಆಳುಗಳನ್ನು ಕಡವಿನಲ್ಲಿ ಸಿದ್ಧವಿಡತಕ್ಕದ್ದು. ಒಂದರ ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ, ಅಕ್ಕಿ, ತೆಂಗಿನಕಾಯಿ, ಬೆಲ್ಲ, ಹೊಗೆಸೊಪ್ಪು ಎಂದು ನಾಲ್ಕು ಸಾಲು ಬರೆದು ಎದುರಿನಲ್ಲಿ ಪ್ರಮಾಣವನ್ನು ಗುರುತಿಸಿತ್ತು. ಹಣದ ಅಂಕಣ ಖಾಲಿಯಾಗಿತ್ತು.

ಇಂಥ ಕಟ್ಟು ಸಿಕ್ಕಿದಾಗ ಮನೆಯ ಯಜಮಾನರ ಒಪ್ಪಿಗೆಯಿಲ್ಲದೆ ಒಂದು ಚೀಟಿಯನ್ನೂ ಹೊರಗೊಯ್ಯಬಾರದು. ಮಡಿಕೆಯನ್ನು ಬಲವಂತವಾಗಿ ಬಿಡಿಸಿದರೆ ಕಾಗದ ಮಡಿಕೆಯಲ್ಲೇ ತುಂಡಾಗುತ್ತದೆ. ಮಳೆಗಾಲದ ತೇವದ ದಿನ ಬಿಟ್ಟು, ಚಾವಡಿಯ ನೆರಳಿನಲ್ಲಿ ಬಿಳಿ ಬಟ್ಟೆ ಹಾಸಿ, ಒಂದೊಂದನ್ನೇ ತಾನಾಗಿ ಸಡಿಲಗೊಳ್ಳಲು ಬಿಡಬೇಕು. ಪ್ರತಿ ಚೀಟಿಯ ಎರಡೂ ಬದಿಗಳ ಚಿತ್ರ ತೆಗೆಯಿರಿ, ಹಿಂಬದಿ ಬರಿದಾಗಿ ಕಂಡರೂ ಬಿಡಬೇಡಿ. ಚಿತ್ರದ ಸಂಖ್ಯೆ, ಚೀಟಿಯ ತಾರೀಕು, ಅದು ಫಸಲಿಯೋ ಕ್ರಿಸ್ತಶಕವೋ ಎಂಬುದು, ಕಟ್ಟಿನಲ್ಲಿ ಅದು ಎಷ್ಟನೆಯದಾಗಿತ್ತು ಎಂಬುದು, ಇವಿಷ್ಟನ್ನು ಅಲ್ಲೇ ಕುಳಿತು ಬರೆದುಕೊಂಡು, ಚೀಟಿಗಳನ್ನು ಇದ್ದ ಕ್ರಮದಲ್ಲೇ ಜೋಡಿಸಿ ಕಟ್ಟಿ ಹಿಂದಿರುಗಿಸಿ. ಮನೆಗೆ ಬಂದ ಮೇಲೆ ಆ ವರ್ಷದ ಪುಟವನ್ನು ತೆರೆದು, ಎಡಭಾಗದಲ್ಲಿ ಸರ್ಕಾರ ಬರೆದ ಸಾದಿಲ್ವಾರು ಮೊತ್ತದ ಎದುರಿಗೆ, ಬಲಭಾಗದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಹೊಗೆಸೊಪ್ಪುಗಳನ್ನು ಅವುಗಳ ಪ್ರಮಾಣದೊಂದಿಗೆ ಇದ್ದ ಹಾಗೆಯೇ ನಕಲು ಮಾಡಿ.